ಹಳೆಯ ಬ್ಯಾಂಜೊ-ಮ್ಯಾಂಡೊಲಿನ್: ಬಿಚ್ಚುವುದರಿಂದ ನುಡಿಸುವವರೆಗೆ

ಮ್ಯಾಂಡೊಲಿನ್ನಿನ ದಂಡಿಯನ್ನು ಬ್ಯಾಂಜೊದ ಚರ್ಮದ ಮೈಗೆ ಕೂಡಿಸಿದರೆ ಬ್ಯಾಂಜೊ-ಮ್ಯಾಂಡೊಲಿನ್. ಎಂಟು ತಂತಿಗಳು, ನಾಲ್ಕು ಜೋಡಿ. ಶ್ರುತಿ ಪಾಶ್ಚಾತ್ಯ ಪಿಟೀಲಿನಂತೆಯೇ ಜಿ, ಡಿ, ಎ, ಇ. ನಮ್ಮ ಕಡೆ ಹಲವರು ಬ್ಯಾಂಜೊ ಎಂದು ಕರೆಯುವ, ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ ಬೇರೆಯದೇ ವಾದ್ಯ.

ಅಮೆರಿಕದ ಹಳೆಯ ಸಾಮಾನುಗಳ ಸಂತೆಗಳಲ್ಲಿ, ಅಲ್ಲಿ ನೆಲೆಸಿದ ಕನ್ನಡಿಗರ ಮನೆಯ ಹತ್ತಿರದ ಬಳಸಿದ ವಸ್ತುಗಳ ಅಂಗಡಿಗಳಲ್ಲಿ, ಇವು ಇಂದಿಗೂ ಸಿಗುತ್ತವೆ. ಅದೇ ತಯಾರಕರ ಅದೇ ಕಾಲದ ಮ್ಯಾಂಡೊಲಿನ್ನಿಗಿಂತ ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಅದಕ್ಕೆ ಕಾರಣ ಈ ವಾದ್ಯ ಹೊತ್ತಿರುವ ಅಪಖ್ಯಾತಿ: ಕರ್ಕಶ, ಶ್ರುತಿ ನಿಲ್ಲದು, ಪಕ್ಕದ ಮನೆಯವರಿಗೂ ಶಿಕ್ಷೆ. ಆ ದೂರಿನ ಮುಕ್ಕಾಲು ಪಾಲು ಅದನ್ನು ಸಜ್ಜುಗೊಳಿಸಿದವರ ಲೆಕ್ಕಕ್ಕೆ ಸೇರಬೇಕು ಎಂಬುದು ನನ್ನ ಅಭಿಪ್ರಾಯ. ತೀರಾ ದಪ್ಪ ತಂತಿ, ಸಡಿಲ ಮುಚ್ಚಿಗೆ (ಮೈಗೆ ಬಿಗಿದ ಚರ್ಮ ಅಥವಾ ಪ್ಲಾಸ್ಟಿಕ್ ಹಾಳೆ), ತಪ್ಪು ಜಾಗದಲ್ಲಿ ನಿಂತ ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು), ಈ ಮೂರೂ ಸೇರಿದರೆ ಎಂಥ ವಾದ್ಯವೂ ಕಿರುಚುತ್ತದೆ. ಹಾಗಾಗಿ ಇಲ್ಲಿ ಹೊಳಪಿನ ಮಾತು ಕಡಿಮೆ, ಬಿಗಿತದ ಮಾತು ಹೆಚ್ಚು.

ಕೈಯಲ್ಲಿರುವುದು ಯಾವ ಕಾಲದ್ದು

ಅಮೆರಿಕದ ಹಾರ್ಟ್‌ಫರ್ಡ್‌ನ ಜಾನ್ ಫ್ಯಾರಿಸ್ 1885ರಲ್ಲಿ ಬ್ಯಾಂಜೊಲಿನ್ ಎಂಬ ನಾಲ್ಕು ತಂತಿಯ ವಾದ್ಯವನ್ನು ಹೊರತಂದ. ಮುಂದೆ ಮ್ಯಾಂಡೊಲಿನ್ ವಾದ್ಯವೃಂದಗಳ ಹುಚ್ಚು ಹಬ್ಬಿದಂತೆ ಎಂಟು ತಂತಿಯ ರೂಪವೇ ಬೇರೂರಿತು. ಮೈಕ್ ಇಲ್ಲದ ಕಾಲ. ನೃತ್ಯಗೃಹದ ಗದ್ದಲವನ್ನು ಸೀಳಿಕೊಂಡು ಹೋಗುವ ದನಿ ಬೇಕಿತ್ತು. ಪಿಟೀಲೋ ಮ್ಯಾಂಡೊಲಿನ್ನೋ ಬಲ್ಲವನು ಬೆರಳಿನ ಅಭ್ಯಾಸ ಬದಲಿಸದೆ ಬ್ಯಾಂಜೊದ ದನಿ ಹೊರಡಿಸಬಹುದಾಗಿತ್ತು. ನ್ಯೂಯಾರ್ಕಿನ ಕ್ಲೆಫ್ ಕ್ಲಬ್‌ನ ಕಪ್ಪು ಸಂಗೀತಗಾರರ ದೊಡ್ಡ ವಾದ್ಯವೃಂದವು ಜೇಮ್ಸ್ ರೀಸ್ ಯುರೋಪ್ ಅವರ ನೇತೃತ್ವದಲ್ಲಿ 1912ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದಾಗ ಅದರಲ್ಲಿ ಮ್ಯಾಂಡೊಲಿನ್, ಬ್ಯಾಂಜೊಗಳ ಜೊತೆಗೆ ಈ ಬಗೆಯ ಬೆರಕೆ ವಾದ್ಯಗಳೂ ಇದ್ದವು. 1920ರ ದಶಕದಲ್ಲಿ ಟೆನರ್ ಬ್ಯಾಂಜೊ, ಆಮೇಲೆ ಗಿಟಾರ್ ಬಂದು ಇದನ್ನು ಅಟ್ಟಕ್ಕೆ ಸೇರಿಸಿದವು.

ಬಾಸ್ಟನ್ನಿನ ವೇಗ, ಕಲಮಝೂನ ಗಿಬ್ಸನ್, ಷಿಕಾಗೊದ ಲಯನ್ ಅಂಡ್ ಹೀಲಿ, ಫಿಲಡೆಲ್ಫಿಯಾದ ವೇಮನ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವಿಂಡ್ಸರ್, ಇವು ಹೆಚ್ಚಾಗಿ ಕಾಣುವ ಹೆಸರುಗಳು. ಹೆಸರೇ ಇಲ್ಲದ ಅಗ್ಗದ ವಾದ್ಯಗಳು ಇವೆಲ್ಲಕ್ಕಿಂತ ಹೆಚ್ಚು. ತಯಾರಕರ ಮುದ್ರೆ ಮತ್ತು ಕ್ರಮಸಂಖ್ಯೆಯನ್ನು ಬಿರಡೆಗಳಿರುವ ತಲೆಯ ಮೇಲಷ್ಟೇ ಹುಡುಕಬೇಡಿ. ಮುಚ್ಚಿಗೆ ಹೊತ್ತ ದುಂಡನೆಯ ಚೌಕಟ್ಟಾದ ರಿಮ್ಮಿನ ಒಳಗೆ, ದಂಡಿಯಿಂದ ಎದುರು ಬದಿಗೆ ಹಾಯುವ ಮರದ ಅಡ್ಡಕೋಲಿನ ಮೇಲೂ ನೋಡಿ.

ಮೊದಲ ಹೆಜ್ಜೆ: ಬಿಚ್ಚುವ ಮೊದಲು ನೋಡುವುದು

ಕೊಳ್ಳುವಾಗಲೇ ಮಾಡಬೇಕಾದ ಪರೀಕ್ಷೆ ಇದು. ತಲೆಯ ಕಡೆಯಿಂದ ದಂಡಿಯ ಅಂಚಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಮುಂದಕ್ಕೆ ಬಾಗಿದೆಯೇ, ತಿರುಚಿಕೊಂಡಿದೆಯೇ? ತಂತಿ ಇದ್ದರೆ ಅದನ್ನೇ ಅಳತೆಪಟ್ಟಿ ಮಾಡಿಕೊಳ್ಳಬಹುದು. ದಂಡಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ಒಂದನೆಯ ಫ್ರೆಟ್‌ನಲ್ಲೂ ದಂಡಿ ರಿಮ್ಮಿಗೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ನಡುವಿನ ಫ್ರೆಟ್‌ನ ಮೇಲೆ ಎಷ್ಟು ಸಂದು ಇದೆ ನೋಡಿ. ಕಾಗದದ ಒಂದು ಹಾಳೆ ತೂರುವಷ್ಟಿದ್ದರೆ ಸರಿ. ಪೋಸ್ಟ್ ಕಾರ್ಡ್ ಸಲೀಸಾಗಿ ಹೋದರೆ ಯೋಚಿಸಬೇಕು. ಇವುಗಳಲ್ಲಿ ಬಹುಪಾಲಿಗೆ ದಂಡಿಯೊಳಗೆ ಹೊಂದಿಸಬಹುದಾದ ಉಕ್ಕಿನ ಸರಳಿಲ್ಲ. ಗಿಬ್ಸನ್ ಕೂಡ ಅದನ್ನು ಹಾಕತೊಡಗಿದ್ದು 1920ರ ದಶಕದ ಆರಂಭದಲ್ಲಿ. ಬಾಗಿದ ದಂಡಿಯನ್ನು ಶಾಖ ಕೊಟ್ಟು ನೇರ ಮಾಡುವುದು, ಫ್ರೆಟ್ ತೆಗೆದು ಬಿಗಿಯಾಗಿ ಮರುಕೂರಿಸುವುದು ಅನುಭವಿ ಕುಶಲಕರ್ಮಿಯ ಕೆಲಸ. ಅದರ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು.

ಇನ್ನು ತಲೆಯಲ್ಲಿ ಬಿರಡೆಗಳ ತೂತಿನ ಸಾಲಿನಲ್ಲಿ ಸೀಳು, ದಂಡಿಯ ಬುಡದಲ್ಲಿ ಬಿರುಕು, ಮೊಟ್ಟೆಯಾಕಾರಕ್ಕೆ ತಿರುಗಿದ ರಿಮ್. ಎರಡು ದಿಕ್ಕಿನಲ್ಲಿ ವ್ಯಾಸ ಅಳೆದರೆ ಕೊನೆಯದು ಗೊತ್ತಾಗುತ್ತದೆ. ಹರಿದ ಮುಚ್ಚಿಗೆ, ಕಳೆದ ಕುದುರೆ, ಮುಚ್ಚಿಗೆಯನ್ನು ಬಿಗಿಯುವ ಕೊಕ್ಕೆಗಳಲ್ಲಿ ಮುರಿದ ಒಂದೆರಡು, ಇವು ದೋಷಗಳೇ ಅಲ್ಲ. ಚೌಕಾಶಿಗೆ ಸಿಕ್ಕ ನೆಪಗಳು.

ಪ್ಲಾಸ್ಟಿಕ್‌ನಂತೆ ಕಾಣುವ ಹಳೆಯ ಬಿರಡೆಗುಂಡಿಗಳೂ ಮುತ್ತಿನ ಹೊಳಪಿನ ಹಾಳೆಗಳೂ ಹೆಚ್ಚಾಗಿ ಸೆಲ್ಯುಲಾಯ್ಡ್. ಅದು ಬೇಗ ಹೊತ್ತಿಕೊಳ್ಳುವ ವಸ್ತು. ಹತ್ತಿರದಲ್ಲಿ ಬೆಂಕಿ, ಬಿಸಿಗಾಳಿಯ ಗನ್ ಬೇಡ. ಗುಂಡಿ ಪುಡಿಯಾಗತೊಡಗಿದ್ದರೆ ಉಳಿದವೂ ಅದೇ ದಾರಿಯಲ್ಲಿವೆ ಎಂದು ತಿಳಿದು ಎಂಟನ್ನೂ ಬದಲಿಸಿ.

ಎರಡನೆಯ ಹೆಜ್ಜೆ: ಬಿಚ್ಚುವುದು, ಒರೆಸುವುದು

ಮೊಬೈಲ್‌ನಲ್ಲಿ ಎಲ್ಲ ಕೋನಗಳಿಂದ ಚಿತ್ರ ತೆಗೆದುಕೊಳ್ಳಿ, ಮುಖ್ಯವಾಗಿ ಅಡ್ಡಕೋಲು ರಿಮ್ಮಿಗೆ ಬಿಗಿಯುವ ಜಾಗದ ಚಿತ್ರ. ತಂತಿಗಳನ್ನು ಎಲ್ಲ ಜೋಡಿಗಳಲ್ಲೂ ಸ್ವಲ್ಪಸ್ವಲ್ಪವಾಗಿ ಸಡಿಲಿಸಿ. ಕೊಕ್ಕೆಗಳನ್ನು ಬಿಚ್ಚಿದ ಕ್ರಮದಲ್ಲೇ ರಟ್ಟಿನ ತುಂಡಿಗೆ ಚುಚ್ಚಿಡಿ; ನೂರು ವರ್ಷದಲ್ಲಿ ಪ್ರತಿ ಕೊಕ್ಕೆಯೂ ತನ್ನ ನಟ್‌ನೊಂದಿಗೆ, ತನ್ನ ಜಾಗದೊಂದಿಗೆ ಹೊಂದಿಕೊಂಡಿರುತ್ತದೆ. ತುಕ್ಕು ಹಿಡಿದ ನಟ್‌ಗೆ ತೊಟ್ಟು ಎಣ್ಣೆ ಬಿಟ್ಟು ಮರುದಿನ ಕೈ ಹಾಕಿ. ಅವಸರಕ್ಕೆ ತಿರುಚಿದರೆ ಕೊಕ್ಕೆ ಮುರಿಯುತ್ತದೆ, ಅದೇ ಅಳತೆಯದು ಸಿಗುವುದು ಕಷ್ಟ.

ಮರಕ್ಕೆ ಒಣಬಟ್ಟೆ, ಜಿಡ್ಡಿದ್ದರೆ ತುಸು ಒದ್ದೆ ಮಾಡಿ ಹಿಂಡಿದ ಬಟ್ಟೆ. ನಿಕಲ್ ಲೇಪವಿರುವ ಲೋಹಕ್ಕೆ ಎಣ್ಣೆ ಹಚ್ಚಿ ಅತಿ ನಯವಾದ ಉಕ್ಕಿನ ನಾರಿನಿಂದ ಹಗುರವಾಗಿ ಉಜ್ಜಿದರೆ ತುಕ್ಕು ಬಿಡುತ್ತದೆ. ಯಂತ್ರದಲ್ಲಿ ಪಾಲಿಶ್ ಮಾಡಿಸಿದರೆ ಲೇಪವೇ ಹೋಗುತ್ತದೆ. ಮರದ ಹಳೆಯ ವಾರ್ನಿಷ್ ಕೆರೆದು ಹೊಸದು ಬಳಿಯುವ ಆಸೆಯನ್ನು ಅಲ್ಲಿಗೇ ಬಿಡಿ. ಬಿರಡೆಗಳ ಹಲ್ಲುಚಕ್ರಕ್ಕೆ ಒಂದೊಂದು ಹನಿ ಎಣ್ಣೆ ಸಾಕು. ಸಂದು ಬಿಟ್ಟ ಮರದ ಕೀಲುಗಳಿಗೆ ಮೂಲದಲ್ಲಿ ಬಳಸಿದ್ದ ಚರ್ಮದ ಬಿಸಿ ಅಂಟನ್ನೇ ಬಳಸುವುದು ಒಳ್ಳೆಯದು. ಮುಂದೆ ಯಾರಾದರೂ ಬಿಚ್ಚಬೇಕಾದರೆ ಶಾಖ ಮತ್ತು ತೇವಕ್ಕೆ ಅದು ಬಿಡುತ್ತದೆ, ಎಪಾಕ್ಸಿ ಸುಲಭಕ್ಕೆ ಬಿಡದು.

ಮೂರನೆಯ ಹೆಜ್ಜೆ: ಮುಚ್ಚಿಗೆ

ವಾದ್ಯದ ದನಿ ತೀರ್ಮಾನವಾಗುವುದು ಇಲ್ಲಿ. ಮೊದಲ ಪ್ರಶ್ನೆ, ಚರ್ಮವೋ ಪ್ಲಾಸ್ಟಿಕ್ಕೋ.

ಮೂಲದ ಕರುವಿನ ಚರ್ಮ ಹರಿಯದೆ ಉಳಿದಿದ್ದರೆ ಅದನ್ನು ತೆಗೆಯಬೇಡಿ. ಕಲೆಯಾಗಿದ್ದರೂ, ಹಳದಿ ತಿರುಗಿದ್ದರೂ, ಯಾರೋ ಪೆನ್ಸಿಲಿನಲ್ಲಿ ಹೆಸರು ಗೀಚಿದ್ದರೂ ಇರಲಿ. ಈ ವಾದ್ಯದ ಚೂಪು ದನಿಯ ಅಂಚನ್ನು ಮೃದುಗೊಳಿಸುವುದರಲ್ಲಿ ಹಳೆಯ ಚರ್ಮಕ್ಕೆ ಸಾಟಿಯಿಲ್ಲ. ಆದರೆ ಚರ್ಮ ಹವೆಯ ಗುಲಾಮ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಅದು ತೇವ ಹೀರಿ ಸಡಿಲಾಗುತ್ತದೆ, ಕುದುರೆ ಕುಸಿಯುತ್ತದೆ, ತಂತಿಗಳು ಫ್ರೆಟ್‌ಗಳಿಗೆ ತಾಗಿ ಜುಯ್‌ಗುಟ್ಟುತ್ತವೆ. ಆಗ ಬಿಗಿಮಾಡಿ ಮರೆತರೆ ಕಲಬುರಗಿಯಂಥ ಊರಿನ ಒಣ ಬೇಸಿಗೆಯಲ್ಲಿ ಅದೇ ಚರ್ಮ ಸೆಳೆದುಕೊಂಡು ಹರಿಯುತ್ತದೆ. ಅಮೆರಿಕದ ಚಳಿಗಾಲದಲ್ಲಿ ಹೀಟರ್ ಓಡುವ ಮನೆಯಲ್ಲೂ ಇದೇ ಅಪಾಯ. ಚರ್ಮ ಇಟ್ಟುಕೊಳ್ಳುವವರು ಋತುವಿಗೆ ತಕ್ಕಂತೆ ಸ್ಪ್ಯಾನರ್ ಹಿಡಿಯಲು ಸಿದ್ಧರಿರಬೇಕು.

ಆ ತಾಪತ್ರಯ ಬೇಡವೆನ್ನುವವರಿಗೆ 1950ರ ದಶಕದಿಂದ ಬಂದಿರುವ ಪಾಲಿಯೆಸ್ಟರ್ ಹಾಳೆಯ ಮುಚ್ಚಿಗೆಗಳಿವೆ. ಸಾಮಾನ್ಯ ಬಿಳಿಯ ಒರಟು ಮೈಯದು ತೀರಾ ಖಣಿಖಣಿ. ಚರ್ಮದ ಗುಣವನ್ನು ಅನುಕರಿಸುವ, ರೆಮೊ ಕಂಪನಿಯ ಫೈಬರ್‌ಸ್ಕಿನ್ ಅಥವಾ ರಿನೈಸಾನ್ಸ್ ಬಗೆಯವು ಈ ವಾದ್ಯಕ್ಕೆ ಹೆಚ್ಚು ಒಗ್ಗುತ್ತವೆ.

ಅಳತೆಯಲ್ಲಿ ಎಚ್ಚರ ಬೇಕು. ಇಂದಿನ ಬ್ಯಾಂಜೊಗಳ ರೂಢಿಯ ವ್ಯಾಸ 11 ಇಂಚು; ಹಳೆಯ ಬ್ಯಾಂಜೊ-ಮ್ಯಾಂಡೊಲಿನ್‌ಗಳಲ್ಲಿ 10 ಇಂಚು ಸಾಮಾನ್ಯ, ಅದಕ್ಕಿಂತ ಚಿಕ್ಕವೂ ಬೇಕಾದಷ್ಟಿವೆ. ಮೇಲಿನ ಲೋಹದ ಬಳೆಯ ವ್ಯಾಸವನ್ನಲ್ಲ, ಮುಚ್ಚಿಗೆ ಕೂರುವ ರಿಮ್ಮಿನ ಹೊರವ್ಯಾಸವನ್ನು ಇಂಚಿನ ಹದಿನಾರನೆಯ ಒಂದು ಭಾಗದವರೆಗೆ ಅಳೆಯಬೇಕು. ಮುಚ್ಚಿಗೆಯ ಅಂಚಿನ ಎತ್ತರದಲ್ಲೂ ಕಡಿಮೆ, ಮಧ್ಯಮ, ಹೆಚ್ಚು ಎಂಬ ಬಗೆಗಳಿವೆ. ತಪ್ಪು ಎತ್ತರ ತಂದರೆ ಬಳೆ ತೀರಾ ಕೆಳಗಿಳಿಯುತ್ತದೆ ಅಥವಾ ಮೇಲೆ ಎದ್ದು ನಿಂತು ಬಲಗೈಗೆ ಕೆರೆಯುತ್ತದೆ.

ಹೊಸ ಚರ್ಮ ಹಾಕುವವರು ಅದನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಒತ್ತಿ ತೆಗೆದು, ರಿಮ್ಮಿನ ಮೇಲೆ ಹರಡಬೇಕು. ಒಳಬಳೆಯನ್ನು ಚರ್ಮದ ಮೇಲಿಟ್ಟು, ಅಂಚನ್ನು ಅದರ ಮೇಲಿಂದ ಒಳಮುಖವಾಗಿ ಮಡಚಿ, ಆಮೇಲೆ ಹೊರಬಳೆ ಇಟ್ಟು ಕೊಕ್ಕೆಗಳನ್ನು ಬೆರಳಲ್ಲೇ ಬಿಗಿಮಾಡಿ. ಅಂಚನ್ನು ಸುತ್ತಲೂ ಎಳೆದೆಳೆದು ಸುಕ್ಕು ಬಿಡಿಸಿ. ಈ ಹಂತದಲ್ಲಿ ಬಳೆ ಮೇಲಿರಬೇಕು. ಒಣಗಿದ ಮೇಲೆ ಬಿಗಿಮಾಡುವಾಗ ಅದಕ್ಕೆ ಇಳಿಯಲು ಜಾಗ ಬೇಕು. ಬಿಸಿಲು, ಫ್ಯಾನಿನ ನೇರ ಗಾಳಿ ಎರಡೂ ಇಲ್ಲದ ಕಡೆ ಒಂದೆರಡು ದಿನ ಒಣಗಲಿ. ಪೂರ್ತಿ ಒಣಗಿದ ಮೇಲಷ್ಟೇ ಹೆಚ್ಚಿನ ಅಂಚನ್ನು ಕತ್ತರಿಸಿ.

ನಾಲ್ಕನೆಯ ಹೆಜ್ಜೆ: ಬಿಗಿತ

ಕೊಕ್ಕೆಗಳನ್ನು ಎದುರುಬದುರಾಗಿ, ಒಂದು ಬಾರಿಗೆ ಕಾಲು ಸುತ್ತು, ಕೊನೆಕೊನೆಗೆ ಅದರರ್ಧ ಮಾತ್ರ ತಿರುಗಿಸಿ. ಪ್ರತಿ ಸುತ್ತಿನ ಕೊನೆಗೆ ಬಳೆ ಎಲ್ಲ ಕಡೆ ಒಂದೇ ಎತ್ತರದಲ್ಲಿದೆಯೇ ಎಂದು ಅಳೆಯಿರಿ. ಆಮೇಲೆ ಪ್ರತಿ ಕೊಕ್ಕೆಯ ಎದುರು, ಅಂಚಿನಿಂದ ಒಂದು ಇಂಚು ಒಳಗೆ, ಬೆರಳಿನಿಂದ ತಟ್ಟಿ ಕೇಳಿ. ಮೃದಂಗದವರು ಬಲಮುಚ್ಚಿಗೆಯ ಸುತ್ತ ತಟ್ಟುತ್ತ ಎಲ್ಲ ಕಡೆ ಒಂದೇ ಸ್ವರ ಬರುವ ತನಕ ಕಲ್ಲಿನಿಂದ ಹೊಡೆಯುತ್ತಾರಲ್ಲ, ಇಲ್ಲಿಯೂ ಕಿವಿ ಅದನ್ನೇ ಹುಡುಕಬೇಕು. ತಗ್ಗಿದ ಸ್ವರ ಕೇಳಿದಲ್ಲಿ ಆ ಕೊಕ್ಕೆಗೆ ತುಸು ಬಿಗಿ.

ಎಷ್ಟು ಬಿಗಿ? ಡ್ರಮ್ ಡಯಲ್ ಎಂಬ ಅಳತೆಯ ಸಾಧನ ಇದ್ದವರು ಪ್ಲಾಸ್ಟಿಕ್ ಮುಚ್ಚಿಗೆಗೆ 88ರಿಂದ 90ರ ಆಸುಪಾಸು ನಿಲ್ಲಿಸಬಹುದು. ಸಾಧನವಿಲ್ಲದಿದ್ದರೆ ಕುದುರೆ ನಿಲ್ಲುವ ಜಾಗದ ಪಕ್ಕ ಹೆಬ್ಬೆರಳಿನಿಂದ ಒತ್ತಿ; ಮಣಿಯಬೇಕು, ಆದರೆ ಒತ್ತಿದ್ದು ನಿಮಗೆ ಶ್ರಮ ಅನ್ನಿಸಬೇಕು. ಮುಚ್ಚಿಗೆ ಸಡಿಲವಾದರೆ ದನಿ ಸಿಹಿಯಾಗುತ್ತದೆಂದು ಹಲವರು ತಿಳಿದಿದ್ದಾರೆ. ಸ್ವಲ್ಪ ದೂರದವರೆಗೆ ಅದು ನಿಜ, ಅದರಾಚೆ ದನಿ ಮಬ್ಬಾಗಿ ಶ್ರುತಿ ಅಲೆಯತೊಡಗುತ್ತದೆ. ಸಿಹಿ ಬೇಕಾದವರು ಬಿಗಿತ ಸರಿಯಾಗಿಟ್ಟು, ಕೆಳಗೆ ಹೇಳುವ ಇತರ ದಾರಿಗಳಿಂದ ಪಡೆಯುವುದು ಮೇಲು.

ಈಗ ದಂಡಿ ಕೂರಿಸಿ, ಅಡ್ಡಕೋಲಿನ ಬಿಗಿಪಟ್ಟಿ ತಿರುಗಿಸಿ. ದಂಡಿಯ ಬುಡ ಮತ್ತು ರಿಮ್ಮಿನ ನಡುವೆ ಬೆಳಕು ಕಾಣಬಾರದು.

ಐದನೆಯ ಹೆಜ್ಜೆ: ತಂತಿಯ ಆಯ್ಕೆ

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮ್ಯಾಂಡೊಲಿನ್ ಸೆಟ್ 0.011ರಿಂದ 0.040 ಇಂಚು ದಪ್ಪದ್ದು. ಅದು ಬ್ಲೂಗ್ರಾಸ್ ಎಂಬ ಅಮೆರಿಕದ ಸಂಗೀತಶೈಲಿಯ ಮ್ಯಾಂಡೊಲಿನ್ನಿನ ಗಟ್ಟಿಮೈಗೆ ಮಾಡಿದ್ದು, ಇದಕ್ಕೆ ಬೇಡವೇ ಬೇಡ. 0.010, 0.014, 0.024, 0.034ರ ಹಗುರ ಸೆಟ್ಟಿನಲ್ಲೂ ಎಂಟು ತಂತಿಗಳ ಒಟ್ಟು ಸೆಳೆತ 65 ಕಿಲೋಗ್ರಾಂ ಹತ್ತಿರ ಬರುತ್ತದೆ. ಐದು ತಂತಿಯ ಬ್ಯಾಂಜೊದ ಸೆಳೆತ ಅದರ ಅರ್ಧಕ್ಕಿಂತಲೂ ಕಡಿಮೆ. ದಂಡಿಗಳು ಬಾಗಿದ್ದು ಏಕೆಂದು ಇದರಿಂದಲೇ ತಿಳಿಯುತ್ತದೆ. ನನ್ನ ಮಟ್ಟಿಗೆ 0.009ರಿಂದ ಶುರುವಾಗಿ 0.032ಕ್ಕೆ ಮುಗಿಯುವ ಅತಿ ಹಗುರ ಸೆಟ್ಟೇ ಸರಿ. ತಂತಿಯ ತುದಿಯಲ್ಲಿ ಗುಂಡಿಯ ಬದಲು ಕುಣಿಕೆ ಇರುವುದನ್ನು ನೋಡಿ ಕೊಳ್ಳಿ.

ದಂಡಿ ಅಷ್ಟನ್ನೂ ತಾಳಲಾರದು ಅನ್ನಿಸಿದರೆ ಪ್ರತಿ ಜೋಡಿಯಿಂದ ಒಂದು ತಂತಿ ತೆಗೆದು ನಾಲ್ಕು ತಂತಿಯಲ್ಲಿ ನುಡಿಸಿ. ಸೆಳೆತ ಅರ್ಧವಾಗುತ್ತದೆ, ಶ್ರುತಿ ಕೂಡಿಸುವ ಕಷ್ಟ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ, ದನಿಯೂ ಸ್ವಚ್ಛ. ಕೆಲವರು ನೈಲಾನ್ ತಂತಿ ಹಾಕಿ ಬ್ಯಾಂಜೊ-ಯುಕುಲೇಲೆಯನ್ನೇ ಮಾಡಿಕೊಳ್ಳುತ್ತಾರೆ. ಮರ ಕೊರೆಯದೆ ಮಾಡಿದರೆ ಯಾವ ನಷ್ಟವೂ ಇಲ್ಲ.

ಆರನೆಯ ಹೆಜ್ಜೆ: ಕುದುರೆ

ಕುದುರೆಗೆ ಅಂಟಿಲ್ಲ, ಮೊಳೆಯಿಲ್ಲ. ತಂತಿಗಳ ಒತ್ತಡವೇ ಅದನ್ನು ಮುಚ್ಚಿಗೆಯ ಮೇಲೆ ಹಿಡಿದಿಡುತ್ತದೆ. ಮೇಪಲ್ ಮರದ್ದು, ಮೇಲಂಚಿಗೆ ಎಬೊನಿ ಪಟ್ಟಿ ಇರುವುದು ಒಳ್ಳೆಯ ಆಯ್ಕೆ. ಹಗುರ ಕುದುರೆ ಜೋರು ದನಿ ಕೊಡುತ್ತದೆ, ತುಸು ತೂಕದ್ದು ಚೂಪನ್ನು ಕಡಿಮೆ ಮಾಡಿ ಗುಂಯ್‌ಗಾಟವನ್ನು ಕೊಂಚ ಉದ್ದ ಮಾಡುತ್ತದೆ. ಎತ್ತರವನ್ನು ತಂತಿ ನೋಡಿ ನಿರ್ಧರಿಸಿ: ಹನ್ನೆರಡನೆಯ ಫ್ರೆಟ್‌ನ ಮೇಲೆ ಇ ತಂತಿ 1.5 ಮಿಲಿಮೀಟರ್, ಜಿ ತಂತಿ 2 ಮಿಲಿಮೀಟರ್ ಇದ್ದರೆ ಬೆರಳಿಗೆ ಹಿತ. ಹೆಚ್ಚಿದ್ದರೆ ಗಾಜಿನ ಮೇಲೆ ಉಪ್ಪುಕಾಗದ ಹರಡಿ ಕುದುರೆಯ ಪಾದವನ್ನು ಉಜ್ಜಿ ತಗ್ಗಿಸಿ, ಮೇಲಂಚನ್ನು ಮುಟ್ಟಬೇಡಿ. ತಂತಿಯ ಗೆರೆಗಳು ತಂತಿಯ ಅರ್ಧ ದಪ್ಪವಷ್ಟೇ ಆಳವಿರಲಿ.

ಜಾಗ ಗೊತ್ತುಮಾಡುವುದು ಹೀಗೆ. ದಂಡಿಯ ತುದಿಯಲ್ಲಿ ತಂತಿ ಕೂರುವ ಮೂಳೆಪಟ್ಟಿಯಿಂದ ಹನ್ನೆರಡನೆಯ ಫ್ರೆಟ್‌ವರೆಗೆ ಅಳೆದು, ಅಷ್ಟೇ ದೂರವನ್ನು ಆ ಫ್ರೆಟ್‌ನಿಂದ ಮುಂದಕ್ಕೆ ಗುರುತಿಸಿ, ಅದಕ್ಕಿಂತ ಒಂದೆರಡು ಮಿಲಿಮೀಟರ್ ಆಚೆ ಕುದುರೆ ನಿಲ್ಲಿಸಿ. ತಂತಿಗಳನ್ನು ಮೊದಲು ಒಂದು ಸ್ವರ ಕೆಳಗೆ ಕೂಡಿಸಿ ರಾತ್ರಿಯಿಡೀ ಬಿಡಿ, ಮರುದಿನ ಪೂರ್ತಿ ಶ್ರುತಿಗೆ ತನ್ನಿ. ಆಮೇಲೆ ಹನ್ನೆರಡನೆಯ ಫ್ರೆಟ್‌ನ ನೇರಕ್ಕೆ ಬೆರಳು ತಾಗಿಸಿ ಬರುವ ಹಾರ್ಮೋನಿಕ್ ಸ್ವರವನ್ನೂ ಅಲ್ಲೇ ಒತ್ತಿ ಮೀಟಿದ ಸ್ವರವನ್ನೂ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಕುದುರೆ ಹಿಂದಕ್ಕೆ, ಅಂದರೆ ತಂತಿ ಕಟ್ಟುವ ಟೇಲ್‌ಪೀಸ್ ಕಡೆಗೆ. ಇಳಿದಿದ್ದರೆ ದಂಡಿಯ ಕಡೆಗೆ. ಇ ಮತ್ತು ಜಿ ಎರಡರಲ್ಲೂ ನೋಡಿದರೆ ಕುದುರೆ ತುಸು ಓರೆಯಾಗಿ ನಿಲ್ಲುವುದು ಸಹಜ. ಸರಿಬಂದ ಜಾಗಕ್ಕೆ ಪೆನ್ಸಿಲಿನ ಗುರುತು ಹಾಕಿ. ಶ್ರುತಿ ಏರಿಸುವಾಗ ಕುದುರೆಯ ತಲೆ ದಂಡಿಯ ಕಡೆಗೆ ವಾಲುತ್ತದೆ. ಆಗಾಗ ಎರಡು ಕೈಯಲ್ಲಿ ಹಿಡಿದು ನೆಟ್ಟಗೆ ಮಾಡದಿದ್ದರೆ ಒಂದು ದಿನ ಫಟ್ಟೆಂದು ಮಲಗುತ್ತದೆ.

ಏಳನೆಯ ಹೆಜ್ಜೆ: ಕಿರುಚಾಟ ಇಳಿಸುವುದು

ಕುದುರೆಗೂ ಟೇಲ್‌ಪೀಸ್‌ಗೂ ನಡುವಿನ ತಂತಿಯ ತುಂಡುಗಳು ಕರೆಯದೆ ದನಿಗೂಡಿಸುತ್ತವೆ. ಅಲ್ಲಿ ತೆಳು ಚರ್ಮದ ಪಟ್ಟಿಯನ್ನು ತಂತಿಗಳ ಮೇಲೆ ಕೆಳಗೆ ನೇಯ್ದಂತೆ ತೂರಿಸಿ. ಅರ್ಧ ಕರ್ಕಶತೆ ಅಲ್ಲೇ ಹೋಗುತ್ತದೆ. ಮುಂದಿನದು ಅಡ್ಡಕೋಲಿಗೂ ಮುಚ್ಚಿಗೆಗೂ ನಡುವೆ ಬಟ್ಟೆ ತುರುಕುವುದು; ಹಳೆಯ ಕಾಲುಚೀಲ ಈ ಕೆಲಸಕ್ಕೆ ಪ್ರಸಿದ್ಧ. ಕುದುರೆಯ ನೇರ ಕೆಳಗೆ ಒತ್ತಿದರೆ ದನಿ ಸಾಯುತ್ತದೆ, ಅಂಚಿನತ್ತ ಸರಿಸುತ್ತ ಹಿತವಾದ ಜಾಗ ಹುಡುಕಿ. ಟೇಲ್‌ಪೀಸ್ ತಂತಿಗಳನ್ನು ಕೆಳಕ್ಕೆ ಒತ್ತಿದಷ್ಟೂ ದನಿ ಚುರುಕು, ಎತ್ತಿದರೆ ಮೆದು. ಒಂದು ಬಾರಿಗೆ ಒಂದನ್ನೇ ಬದಲಿಸಿ ಕೇಳಿ.

ನುಡಿಸಲು ಕೂತಾಗ

ಶ್ರುತಿ ಕೂಡಿಸುವಾಗ ಜೋಡಿಯ ಒಂದು ತಂತಿಯನ್ನು ಬೆರಳಿನಿಂದ ತಡೆದು ಇನ್ನೊಂದನ್ನು ಕೂಡಿಸಿ, ಆಮೇಲೆ ಕಿವಿಯಿಂದ ಜೊತೆಗಾರನನ್ನು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಬನ್ನಿ. ಮ್ಯಾಂಡೊಲಿನ್ನಿನಲ್ಲಿ ಕ್ಷಮೆ ಸಿಗುವ ಕೂದಲೆಳೆಯ ವ್ಯತ್ಯಾಸ ಇಲ್ಲಿ ಎದ್ದು ಕೇಳುತ್ತದೆ.

ಮೀಟಿದ ಸ್ವರ ಸಿಡಿದು ಹೊರಟು ಬೇಗ ಆರುತ್ತದೆ, ಇದೇ ಈ ವಾದ್ಯದ ಸ್ವಭಾವ. ಉದ್ದ ಸ್ವರ ಬೇಕಿದ್ದರೆ ಟ್ರೆಮೊಲೊ, ಅಂದರೆ ತಂತಿ ಮೀಟುವ ಪಿಕ್ಕನ್ನು ಮೇಲೆ ಕೆಳಗೆ ವೇಗವಾಗಿ ಆಡಿಸುವುದು ಅನಿವಾರ್ಯ. ದಪ್ಪ, ದುಂಡುಮೂತಿಯ ಪಿಕ್ ಹಿಡಿಯಿರಿ. ತೆಳು ಪಿಕ್ಕಿನ ಟಕ್ ಸದ್ದು ಮುಚ್ಚಿಗೆಯಲ್ಲಿ ದೊಡ್ಡದಾಗುತ್ತದೆ. ಕುದುರೆಯ ಹತ್ತಿರ ಮೀಟಿದರೆ ತಗಡಿನ ದನಿ, ದಂಡಿ ಮುಗಿಯುವಲ್ಲಿ ಮೀಟಿದರೆ ದುಂಡು. ನಾಲ್ಕೂ ಜೋಡಿಗಳ ಪೂರ್ಣ ಕಾರ್ಡ್, ಅಂದರೆ ಒಟ್ಟಿಗೆ ಬಾರಿಸಿದ ಸ್ವರಗಳ ಗುಚ್ಛ, ಗದ್ದಲವಾಗುತ್ತದೆ. ಎರಡು ಮೂರು ಸ್ವರ ಸಾಕು, ಬಾರಿಸಿದ ಕೂಡಲೇ ಎಡಗೈ ಸಡಿಲಿಸಿ ಕತ್ತರಿಸಿ. ರ‍್ಯಾಗ್‌ಟೈಮ್, ಐರಿಷ್ ನೃತ್ಯದ ಧಾಟಿಗಳು, ಹಳೆಯ ಜಾಝ್, ಹೀಗೆ ಸ್ವರಗಳು ಒತ್ತೊತ್ತಾಗಿ ಬರುವ ಸಂಗೀತ ಇದರಲ್ಲಿ ಪುಟಿಯುತ್ತದೆ.

ಕರ್ನಾಟಕ ಸಂಗೀತಕ್ಕೆ? ಗಮಕ ತುಂಬಿದ ತೋಡಿ, ಭೈರವಿಗಳನ್ನು ಇದರಲ್ಲಿ ಹುಡುಕಬೇಡಿ. ಗಿಡ್ಡ ದಂಡಿಯ ಮೇಲೆ ಬಿಗಿಯಾದ ಜೋಡಿ ತಂತಿಗಳನ್ನು ಎಳೆಯುವುದು ಕಷ್ಟ, ಎಳೆಯುವಷ್ಟರಲ್ಲಿ ಸ್ವರವೇ ಆರಿರುತ್ತದೆ. ಯು. ಶ್ರೀನಿವಾಸ್ ಅವರು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಹಿಡಿದದ್ದು ಸುಮ್ಮನೆ ಅಲ್ಲ. ಆದರೆ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಾಹಿತ್ಯ ಕೂಡಿಸಿದ ಶಂಕರಾಭರಣದ ನೊಟ್ಟುಸ್ವರಗಳಲ್ಲಿ ಗಮಕ ಇಲ್ಲವೆನ್ನುವಷ್ಟು ಕಡಿಮೆ, ಸ್ವರಗಳು ಬಿಡಿಬಿಡಿ. ನಾಲ್ಕು ತಂತಿ ಉಳಿಸಿಕೊಂಡು ಇದರಲ್ಲಿ ನುಡಿಸಿ ನೋಡಿ, ಚೆನ್ನಾಗಿ ಒದಗುತ್ತವೆ.

ಧ್ವನಿಮುದ್ರಣಕ್ಕೆ ಕೂತರೆ ಮೈಕನ್ನು ಮುಚ್ಚಿಗೆಯ ನಡುವಿಗೆ ಗುರಿಯಿಡಬೇಡಿ. ಒಂದಡಿ ದೂರದಲ್ಲಿ, ದಂಡಿ ರಿಮ್ಮಿಗೆ ಸೇರುವ ಕಡೆಗೆ ತಿರುಗಿಸಿ. ವಿಮಾನದಲ್ಲಿ ಒಯ್ಯುವಾಗ ತಂತಿಗಳನ್ನು ಎರಡು ಮೂರು ಸ್ವರ ಇಳಿಸಿ, ಕುದುರೆಯ ಎರಡೂ ಬದಿಗೆ ಮಡಚಿದ ಬಟ್ಟೆ ಸಿಕ್ಕಿಸಿ. ದಂಡಿ ಅಥವಾ ಅಲಂಕಾರದಲ್ಲಿ ಬ್ರೆಜಿಲಿನ ಬೀಟೆ, ಆನೆದಂತ, ಆಮೆಚಿಪ್ಪು ಇರುವ ಗುಮಾನಿ ಬಂದರೆ ಗಡಿ ದಾಟಿಸುವ ಮೊದಲು ಪರವಾನಗಿಯ ವಿಚಾರ ಕೇಳಿಕೊಳ್ಳಿ. ಮೂರೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಕಟ್ಟುನಿಟ್ಟಿನ ನಿಯಮಗಳ ಅಡಿಗೆ ಬರುತ್ತವೆ. ಊರು ತಲುಪಿದ ಮೇಲೆ ಪೆಟ್ಟಿಗೆಯನ್ನು ಒಂದು ದಿನ ತೆರೆದಿಟ್ಟು, ಆಮೇಲೆ ಶ್ರುತಿಗೆ ಏರಿಸಿ.